ಇಲಿ, ಬೆಕ್ಕು, ನಾಯಿ ಓಡಿಸುವ ಅಲ್ಟ್ರಾಸಾನಿಕ್ ಸಾಧನ: ಯಾವುದಕ್ಕೆ ಕೊಳ್ಳಬಹುದು, ಯಾವುದಕ್ಕೆ ಬೇಡ

ಮನೆಯಲ್ಲಿ ಇಲಿ ಕಾಟ ಶುರುವಾಯಿತು ಎಂದು ಹೇಳಿದರೆ ಸಾಕು, ಯಾರಾದರೂ ಒಬ್ಬರು ಸಲಹೆ ಕೊಡುತ್ತಾರೆ: "ಆನ್‌ಲೈನ್‌ನಲ್ಲಿ ಒಂದು ಮಷಿನ್ ಸಿಗುತ್ತೆ. ಸಾಕೆಟ್‌ಗೆ ಸಿಕ್ಕಿಸಿ ಸುಮ್ನೆ ಬಿಟ್ಟುಬಿಡಿ. ಇಲಿ, ಜಿರಳೆ, ಸೊಳ್ಳೆ, ಹಲ್ಲಿ ಎಲ್ಲಾ ಓಡಿಹೋಗುತ್ತೆ." ಅದು ಅಲ್ಟ್ರಾಸಾನಿಕ್ ಸಾಧನ, ಅಂದರೆ ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಸದ್ದು ಹೊರಡಿಸುವ ಯಂತ್ರ. ಡಬ್ಬಿಯ ಮೇಲೂ ಇಷ್ಟೂ ಪ್ರಾಣಿಗಳ ಚಿತ್ರ ಇರುತ್ತದೆ. ಅನುಮಾನ ಶುರುವಾಗಬೇಕಾದದ್ದೇ ಆ ಚಿತ್ರಗಳಿಂದ. ಇಲಿಯ ಕಿವಿ ಬೇರೆ, ಹಲ್ಲಿಯ ಕಿವಿ ಬೇರೆ. ಜಿರಳೆಗೆ ನಮ್ಮಂಥ ಕಿವಿಯೇ ಇಲ್ಲ. ಒಂದೇ ಸದ್ದು ಎಲ್ಲವನ್ನೂ ಓಡಿಸುವುದು ಹೇಗೆ?

ಹಾಗಾಗಿ ಸಾಧನ ಆರಿಸುವ ಮೊದಲು ಪ್ರಾಣಿ ಯಾವುದು ಎಂದು ಗಟ್ಟಿ ಮಾಡಿಕೊಳ್ಳಿ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕೈತೋಟಕ್ಕೆ ಬಂದು ಗಲೀಜು ಮಾಡುವ ಬೆಕ್ಕಿಗೆ ಸೆನ್ಸರ್ ಇರುವ ಸಾಧನ ಪ್ರಯತ್ನಿಸಬಹುದು. ಇಲಿಗೆ ಜಾಲರಿ, ಸಿಮೆಂಟು, ಬೋನು. ಬೀದಿ ನಾಯಿಗೆ ಸಂತಾನಹರಣ ಮತ್ತು ಕಸದ ಶಿಸ್ತು. ಕೋತಿ, ಪಾರಿವಾಳ, ಸೊಳ್ಳೆ, ಹಾವಿಗೆ ಈ ಯಂತ್ರ ಕೊಂಡರೆ ದುಡ್ಡು ದಂಡ. ಯಾವ ಪ್ರಾಣಿಗೇ ಕೊಂಡರೂ, ಅಕ್ಕಪಕ್ಕದ ಮನೆಯವರನ್ನು ಕೇಳದೆ ಹಚ್ಚಬೇಡಿ.

ಸದ್ದು ಎಲ್ಲಿಯವರೆಗೆ ಹೋಗುತ್ತದೆ

ಮನುಷ್ಯರ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಝ್‌ವರೆಗಿನ ಸದ್ದು ಕೇಳಿಸುತ್ತದೆ. ಅದೂ ಚಿಕ್ಕ ವಯಸ್ಸಿನಲ್ಲಿ. (ಒಂದು ಕಿಲೋಹರ್ಟ್ಝ್ ಎಂದರೆ ಸೆಕೆಂಡಿಗೆ ಸಾವಿರ ಕಂಪನ.) ನಾಯಿಗೆ ಸುಮಾರು 45 ಕಿಲೋಹರ್ಟ್ಝ್‌ವರೆಗೆ ಕೇಳಿಸುತ್ತದೆ. ಬೆಕ್ಕಿನ ಕಿವಿ 60 ದಾಟುತ್ತದೆ, ಇಲಿಯದು 70 ದಾಟುತ್ತದೆ. ಈ ಲೆಕ್ಕ ನೋಡಿದರೆ ಸಾಧನ ಕೆಲಸ ಮಾಡಲೇಬೇಕು ಅನಿಸುತ್ತದೆ, ಅಲ್ವಾ? ಆದರೆ ಕೇಳಿಸುವುದು ಬೇರೆ, ಹೆದರಿ ಜಾಗ ಬಿಡುವುದು ಬೇರೆ.

ಇನ್ನೊಂದು ತೊಂದರೆ ಸದ್ದಿನದ್ದೇ. ಇಷ್ಟು ಹೆಚ್ಚಿನ ಕಂಪನದ ಸದ್ದು ಗಾಳಿಯಲ್ಲಿ ಬೇಗ ಸೋತುಹೋಗುತ್ತದೆ. ಯಾವ ಸದ್ದೇ ಆದರೂ ದೂರ ಎರಡರಷ್ಟಾದಾಗೆಲ್ಲ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. 40 ಕಿಲೋಹರ್ಟ್ಝ್ ಸದ್ದಾದರೆ, ಇದರ ಮೇಲೆ ಪ್ರತಿ ಮೀಟರಿಗೆ 1 ಡೆಸಿಬೆಲ್‌ಗಿಂತ ಜಾಸ್ತಿಯನ್ನು ಗಾಳಿಯೇ ನುಂಗುತ್ತದೆ. ಗೋಡೆ ದಾಟುವುದಂತೂ ಇಲ್ಲವೇ ಇಲ್ಲ. ಟಾರ್ಚ್ ಬೆಳಕಿಗೆ ನೆರಳು ಬೀಳುವ ಹಾಗೆ ಈ ಸದ್ದಿಗೂ ನೆರಳು ಬೀಳುತ್ತದೆ. ಬೀರುವಿನ ಹಿಂದೆ, ಸೋಫಾ ಕೆಳಗೆ, ಅಕ್ಕಿ ಮೂಟೆಯ ಮಗ್ಗುಲಲ್ಲಿ ಅದು ತಲುಪುವುದಿಲ್ಲ. ಇಲಿ ಇರುವುದು ಅಲ್ಲೇ ತಾನೆ? "ಒಂದು ಸಾಧನ ಇಡೀ ಮನೆಗೆ ಸಾಕು" ಎನ್ನುವ ಮಾತನ್ನು ನಂಬದಿರಲು ಇದೊಂದೇ ಕಾರಣ ಸಾಕು.

ಇಲಿ: ಸಾಕೆಟ್ ಯಂತ್ರವೋ, ಬೋನೋ, ಜಾಲರಿಯೋ

ಹೆಚ್ಚು ಮಾರಾಟವಾಗುವುದು ಸಾಕೆಟ್‌ಗೆ ಸಿಕ್ಕಿಸುವ ಯಂತ್ರ. ಹೆಚ್ಚು ನಿರಾಸೆ ಮಾಡುವುದೂ ಅದೇ. ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಇಂಥ ಸಾಧನಗಳನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಿತು. ಇಲಿ, ಕೀಟ ಓಡಿಸುತ್ತದೆ ಎಂದು ಜಾಹೀರಾತು ಕೊಡುವುದಾದರೆ ಅದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂಬುದು ಅದರ ಸಾರ. ಅಷ್ಟು ವರ್ಷ ಕಳೆದರೂ ಡಬ್ಬಿಯ ಮೇಲಿನ ಭಾಷೆ ಬದಲಾಗಿಲ್ಲ.

ಇಲಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದೇ ಇಂಥ ಸದ್ದಿನಲ್ಲಿ. ಹೆದರಿದ ಇಲಿ ಸುಮಾರು 22 ಕಿಲೋಹರ್ಟ್ಝ್‌ನಲ್ಲಿ ಕೂಗುತ್ತದೆ, ಆಟವಾಡುವಾಗ 50ರ ಆಸುಪಾಸಿನಲ್ಲಿ. ಅಂದರೆ ನಮಗೆ ವಿಚಿತ್ರ ಎನಿಸುವ ಈ ಸದ್ದು ಅವಕ್ಕೆ ಹೊಸದೇನೂ ಅಲ್ಲ. ಹೊಸ ಯಂತ್ರ ಹಚ್ಚಿದ ಮೊದಲ ಕೆಲವು ದಿನ ಇಲಿ ದಾರಿ ಬದಲಿಸಬಹುದು. ಆಮೇಲೆ ಆ ಸದ್ದಿನಿಂದ ಏನೂ ಆಗುವುದಿಲ್ಲ ಎಂದು ಅದಕ್ಕೆ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ತಿನ್ನಲು ಸಿಗುತ್ತಿದ್ದರೆ, ಅಟ್ಟದಲ್ಲಿ ಗೂಡು ಇದ್ದರೆ, ಇಲಿ ಸದ್ದಿಗೆ ಒಗ್ಗಿಕೊಂಡು ಅಲ್ಲೇ ಉಳಿಯುತ್ತದೆ. "ಹಚ್ಚಿದ ವಾರ ಚೆನ್ನಾಗಿ ಕೆಲಸ ಮಾಡ್ತು, ಆಮೇಲೆ ಮತ್ತೆ ಬಂತು" ಎಂದು ಎಷ್ಟೋ ಜನ ಹೇಳುವುದು ಇದೇ ಕಾರಣಕ್ಕೆ.

ಅದೇ ದುಡ್ಡನ್ನು ಜಾಲರಿಗೆ, ಸಿಮೆಂಟಿಗೆ ಹಾಕಿ. ಒಂದು ಸಂಜೆ ಟಾರ್ಚ್ ಹಿಡಿದು ಅಡುಗೆಮನೆ ಸಿಂಕಿನ ಕೆಳಗೆ ಬಗ್ಗಿ ನೋಡಿ. ಪೈಪು ಗೋಡೆಯೊಳಗೆ ಹೋಗುವ ಕಡೆ ಪ್ಲಂಬರ್ ಕೊರೆದ ತೂತು ಪೈಪಿಗಿಂತ ದೊಡ್ಡದಿರುತ್ತದೆ. ಸುತ್ತ ಒಂದು ಬೆರಳು ಹೋಗುವಷ್ಟು ಸಂದು. ಅಂಚಿನಲ್ಲಿ ಎಣ್ಣೆ ಜಿಡ್ಡಿನಂಥ ಕಪ್ಪು ಕಲೆ ಇದ್ದರೆ ಅದು ಇಲಿ ಮೈ ಉಜ್ಜಿಕೊಂಡು ಓಡಾಡುವ ದಾರಿ. ದೊಡ್ಡ ಇಲಿಗೆ 2 ಸೆಂಟಿಮೀಟರ್ ತೂತು ಸಾಕು. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್ ಜಾಗ ಸಾಕು. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಬಿಡಿಸಿ ಆ ಸಂದಿಗೆ ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟು ಮೆತ್ತಿ. ಬರೀ ಸಿಮೆಂಟಾದರೆ ಹಸಿ ಇರುವಾಗಲೇ ಕೆರೆದು ಬಿಡುತ್ತದೆ. ಥರ್ಮೋಕೋಲು, ಬಟ್ಟೆ, ಫೋಮು ಅದಕ್ಕೆ ಲೆಕ್ಕವೇ ಅಲ್ಲ, ಕಡಿದು ಹಾಕುತ್ತದೆ.

ಆಮೇಲೆ ನೋಡಬೇಕಾದದ್ದು: ಬಚ್ಚಲಿನ ನೀರು ಹೋಗುವ ಜಾಲರಿ ಅಲುಗಾಡುತ್ತಿದೆಯಾ, ಎಕ್ಸಾಸ್ಟ್ ಫ್ಯಾನಿನ ಹೊರಬದಿಗೆ ಜಾಲರಿ ಇದೆಯಾ, ಏಸಿ ಪೈಪಿನ ತೂತು ಮುಚ್ಚಿದೆಯಾ, ಹಿಂಬಾಗಿಲ ಕೆಳಗೆ ಎಷ್ಟು ಸಂದು ಇದೆ. ಕಿಟಕಿಯ ಸೊಳ್ಳೆ ಪರದೆ ಪ್ಲಾಸ್ಟಿಕ್‌ದಾದರೆ ಇಲಿ ಕತ್ತರಿಸುತ್ತದೆ, ಸ್ಟೀಲ್ ಜಾಲರಿಯಾದರೆ ಇಲ್ಲ. ಹೆಗ್ಗಣ ಕಾಂಪೌಂಡಿನ ಬುಡದಲ್ಲಿ ಬಿಲ ತೋಡಿದ್ದರೆ ಜಲ್ಲಿ ತುಂಬಿಸಿ ಕಾಂಕ್ರೀಟು ಹಾಕಿಸಿ. ಇದು ಒಂದು ದಿನದ ಕೆಲಸ, ಆದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಒಳಗೆ ಈಗಾಗಲೇ ಸೇರಿಕೊಂಡಿರುವುದಕ್ಕೆ ಬೋನೇ ಸರಿ. ಇಲಿಗೆ ಹೊಸ ವಸ್ತು ಕಂಡರೆ ಭಯ. ಅದಕ್ಕೇ ಬೋನನ್ನು ಎರಡು ಮೂರು ದಿನ ಬಾಗಿಲು ಬೀಳದ ಹಾಗೆ ಕಟ್ಟಿ, ಒಳಗೆ ಸುಟ್ಟ ಕೊಬ್ಬರಿ ಚೂರೋ ಕಡಲೆಕಾಯಿಯೋ ಇಟ್ಟು ಬಿಡಿ. ತಿಂದು ಹೋಗಿ ಅಭ್ಯಾಸವಾದ ಮೇಲೆ ಬೋನು ಹೂಡಿ. ಕೋಣೆಯ ನಡುವೆ ಇಡಬೇಡಿ, ಗೋಡೆಗೆ ತಾಗಿಸಿ ಇಡಿ, ಇಲಿ ಓಡಾಡುವುದು ಗೋಡೆಯಂಚಿನಲ್ಲೇ. ಸಿಕ್ಕ ಇಲಿಯನ್ನು ಪಕ್ಕದ ಖಾಲಿ ಸೈಟಿನಲ್ಲಿ ಬಿಟ್ಟರೆ ನಿಮ್ಮ ಮನೆಗೋ ಪಕ್ಕದ ಮನೆಗೋ ವಾಪಸ್ ಬರುತ್ತದೆ.

ಅಂಟು ಹಲಗೆ ಬೇಡವೇ ಬೇಡ. ಅದರಲ್ಲಿ ಸಿಕ್ಕಿಕೊಂಡ ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಅಳಿಲು, ಗುಬ್ಬಿ, ಹಲ್ಲಿ ಕೂಡ ಸಿಕ್ಕಿಕೊಳ್ಳುತ್ತವೆ. ವಿಷವೂ ಮನೆಯೊಳಗೆ ಒಳ್ಳೆಯದಲ್ಲ. ಬ್ರೊಮಾಡಿಯೊಲೋನ್ ಥರದ ವಿಷ ತಿಂದ ಇಲಿ ಕೆಲವು ದಿನ ಬಿಟ್ಟು ಎಲ್ಲೋ ಅಟ್ಟದ ಮೂಲೆಯಲ್ಲಿ ಸಾಯುತ್ತದೆ, ವಾಸನೆ ಮನೆ ತುಂಬಾ. ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ವಿಷ ಏರುತ್ತದೆ. ಮಕ್ಕಳಿರುವ ಮನೆಯಲ್ಲಂತೂ ಯೋಚಿಸಲೇಬೇಡಿ.

ಕಾರಿನ ಬಾನೆಟ್ಟಿನೊಳಗೆ ಹಾಕುವ 12 ವೋಲ್ಟ್ ಸಾಧನದ ಬಗ್ಗೆಯೂ ಜನ ಕೇಳುತ್ತಾರೆ. ಅಲ್ಲಿ ದೂರ ಕಡಿಮೆ, ಹಾಗಾಗಿ ಸದ್ದು ತಲುಪುವ ಮಟ್ಟಿಗೆ ಸಾಕೆಟ್ ಯಂತ್ರಕ್ಕಿಂತ ಪರವಾಗಿಲ್ಲ. ಆದರೆ ಎಂಜಿನ್ನಿನ ಭಾಗಗಳ ಹಿಂದೆ ನೆರಳು ಇದ್ದೇ ಇರುತ್ತದೆ, ಇಲಿ ಒಗ್ಗಿಕೊಳ್ಳುವುದೂ ತಪ್ಪುವುದಿಲ್ಲ. ವಾರಗಟ್ಟಲೆ ನಿಲ್ಲಿಸಿದ ಕಾರಿನ ಬ್ಯಾಟರಿಯನ್ನು ಅದು ಮೆಲ್ಲಗೆ ಹೀರುತ್ತಲೂ ಇರುತ್ತದೆ. ಕಾರನ್ನು ಆಗಾಗ ಓಡಿಸುವುದು, ಕಸದ ಡಬ್ಬಿಯ ಪಕ್ಕ ನಿಲ್ಲಿಸದಿರುವುದು, ಏಸಿ ಗಾಳಿ ಎಳೆಯುವ ಬಾಯಿಗೆ ಸ್ಟೀಲ್ ಜಾಲರಿ ಹಾಕಿಸುವುದು, ವೈರುಗಳಿಗೆ ಮೆಣಸಿನ ಖಾರ ಸೇರಿದ ಟೇಪು ಸುತ್ತಿಸುವುದು, ಇವು ಮೊದಲು. ದುಡ್ಡು ಉಳಿದರೆ ಆಮೇಲೆ ಸಾಧನ.

ಬೆಕ್ಕು: ಇಲ್ಲಿ ಮಾತ್ರ ಸ್ವಲ್ಪ ಭರವಸೆ

ಹೊರಗಡೆ ಕೈತೋಟದಲ್ಲಿ ಇಡುವ ಸಾಧನಗಳು ಬೇರೆ ಥರ. ಸುಮ್ಮನೆ ದಿನವಿಡೀ ಕೂಗುವುದಿಲ್ಲ. ಮೈ ಬಿಸಿಯನ್ನು ಗುರುತಿಸುವ ಸೆನ್ಸರ್ ಇರುತ್ತದೆ, ಪ್ರಾಣಿ ಮುಂದೆ ಬಂದಾಗ ಮಾತ್ರ ಸದ್ದು ಹೊರಡುತ್ತದೆ. ಇದು ದೊಡ್ಡ ವ್ಯತ್ಯಾಸ. ಇದ್ದಕ್ಕಿದ್ದಂತೆ ಬರುವ ಸದ್ದಿಗೆ ಪ್ರಾಣಿ ಬೆಚ್ಚುತ್ತದೆ, ಯಾವಾಗಲೂ ಇರುವ ಸದ್ದಿಗೆ ಒಗ್ಗಿಹೋಗುತ್ತದೆ.

ಇವುಗಳ ಮೇಲೆ ನಿಜವಾದ ತೋಟಗಳಲ್ಲಿ ಪರೀಕ್ಷೆ ನಡೆದಿದೆ. ಬ್ರಿಟನ್ನಿನ ತೋಟಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಪ್ರಯೋಗ ಇದ್ದವು. ಒಂದರಲ್ಲಿ ಬೆಕ್ಕು ಬರುವುದು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಯಿತು, ಇನ್ನೊಂದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಂದ ಬೆಕ್ಕು ತೋಟದಲ್ಲಿ ಕಳೆಯುವ ಹೊತ್ತು ಮಾತ್ರ ಎರಡರಲ್ಲೂ ಕಡಿಮೆಯಾಯಿತು. ಆಸ್ಟ್ರೇಲಿಯಾದ ಪರ್ತ್ ನಗರದ ಮನೆಗಳಲ್ಲಿ ನಡೆದ, 2018ರಲ್ಲಿ ಬಂದ ಅಧ್ಯಯನದಲ್ಲಿ ಫಲ ಇನ್ನೂ ಚೆನ್ನಾಗಿತ್ತು. ಬೆಕ್ಕಿನ ಭೇಟಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಎರಡರಲ್ಲೂ ಬೆಕ್ಕು ಪೂರ್ತಿ ನಿಲ್ಲಲಿಲ್ಲ ಎನ್ನುವುದನ್ನು ಗಮನಿಸಿ. ಕಡಿಮೆಯಾದರೆ ಸಾಕು ಎನ್ನುವವರಿಗೆ ಇದು ಸರಿ. ಒಂದು ಬೆಕ್ಕೂ ಬರಬಾರದು ಎನ್ನುವವರಿಗೆ ಅಲ್ಲ.

ಇದಕ್ಕೆ ಪೈಪೋಟಿ ಕೊಡುವುದು ನೀರು ಚಿಮ್ಮಿಸುವ ಸಾಧನ. ಅದೇ ಸೆನ್ಸರ್, ಸದ್ದಿನ ಬದಲು ನೀರು. ಇದ್ದಕ್ಕಿದ್ದಂತೆ ನೀರು ಚಿಮ್ಮಿದರೆ ಪ್ರಾಣಿ ಬೆಚ್ಚುತ್ತದೆ. ಪಕ್ಕದ ಮನೆ ಮಗುವಿನ ಕಿವಿಗೂ ತೊಂದರೆ ಇಲ್ಲ. ಆದರೆ ನಲ್ಲಿಯಲ್ಲಿ ಒಳ್ಳೆಯ ಒತ್ತಡ ಬೇಕು. ನಮ್ಮ ಎಷ್ಟೋ ಬಡಾವಣೆಗಳಲ್ಲಿ ನೆಲಮಟ್ಟದ ನಲ್ಲಿಗೆ ಅಷ್ಟು ಒತ್ತಡ ಇರುವುದಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವವರಿಗೆ ಇದು ಹೇಳುವ ಮಾತೂ ಅಲ್ಲ.

ಎರಡಕ್ಕಿಂತ ಅಗ್ಗದ ದಾರಿ ಮೊದಲು ನೋಡಿ. ಬೆಕ್ಕು ಹುಡುಕುವುದು ಸಡಿಲ ಮಣ್ಣು, ಒಣ ಮರಳು. ಎದುರಿನ ಸೈಟಿನಲ್ಲಿ ಮನೆ ಕಟ್ಟುತ್ತಿದ್ದು ಎಂ-ಸ್ಯಾಂಡ್ ರಾಶಿ ಹಾಕಿದ್ದರೆ ಬೀದಿಯ ಬೆಕ್ಕುಗಳೆಲ್ಲ ಅಲ್ಲಿಗೇ ಬರುತ್ತವೆ. ಆ ರಾಶಿಗೆ ಟಾರ್ಪಾಲು ಮುಚ್ಚಿಸಿದರೆ ಅರ್ಧ ಕೆಲಸ ಮುಗಿಯಿತು. ನಿಮ್ಮ ಪಾತಿಯ ಮೇಲೆ ಕೋಳಿ ಜಾಲರಿ ಹಾಸಿ ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಅಥವಾ ದಪ್ಪ ಜಲ್ಲಿ ಹರಡಿ. ಕೆರೆಯಲು ಆಗದ ಜಾಗಕ್ಕೆ ಬೆಕ್ಕು ಮತ್ತೆ ಬರುವುದು ಕಡಿಮೆ.

ನಾಯಿ: ಸಾಧನ ಎಲ್ಲಿಗೆ ಓಡಿಸುತ್ತದೆ?

ಬೆಂಗಳೂರಿನಲ್ಲಿ 2023ರ ಗಣತಿಯ ಪ್ರಕಾರ ಬೀದಿ ನಾಯಿಗಳು ಸುಮಾರು 2.79 ಲಕ್ಷ. 2019ರಲ್ಲಿ ಇದು 3.1 ಲಕ್ಷದ ಹತ್ತಿರ ಇತ್ತು. ಇಷ್ಟು ನಾಯಿಗಳಿರುವ ಊರಿನಲ್ಲಿ ಗೇಟಿನ ಮುಂದೆ ಸದ್ದಿನ ಯಂತ್ರ ಇಟ್ಟರೆ ನಾಯಿ ಮಾಯವಾಗುವುದಿಲ್ಲ. ನಿಮ್ಮ ಗೇಟಿನಿಂದ ಮೂರನೇ ಮನೆಯ ಗೇಟಿಗೆ ಹೋಗುತ್ತದೆ, ಅಷ್ಟೇ.

ಕೈಯಲ್ಲಿ ಹಿಡಿಯುವ, ಟಾರ್ಚ್ ಥರದ ಸಾಧನ ಒಂದಿದೆ. ಬೆಳಗಿನ ವಾಕಿಂಗ್ ಹೋಗುವವರು, ಮನೆ ಮನೆಗೆ ಸಾಮಾನು ತಲುಪಿಸುವ ಹುಡುಗರು ಇಟ್ಟುಕೊಳ್ಳುತ್ತಾರೆ. ದೂರದಲ್ಲಿ ಸುಮ್ನೆ ಬೊಗಳುತ್ತಾ ಬರುವ ನಾಯಿ ಒಂದು ಕ್ಷಣ ತಡೆದು ನಿಲ್ಲಬಹುದು. ಆದರೆ ರೊಚ್ಚಿಗೆದ್ದ ನಾಯಿ, ಮರಿ ಹಾಕಿದ ತಾಯಿ ನಾಯಿ, ಕಿವಿ ಮಂದವಾದ ಮುದಿ ನಾಯಿ, ಗುಂಪಾಗಿ ಬೆನ್ನಟ್ಟುವ ನಾಯಿಗಳ ಮುಂದೆ ಇದನ್ನೇ ನಂಬಿ ನಿಲ್ಲುವುದು ಅಪಾಯ. ಓಡದೆ, ಕಣ್ಣಿಗೆ ಕಣ್ಣಿಟ್ಟು ನೋಡದೆ, ನಿಧಾನವಾಗಿ ಹಿಂದೆ ಸರಿಯುವುದು ಇದಕ್ಕಿಂತ ಮೇಲು. ಬೈಕಿನಲ್ಲಿದ್ದರೆ ವೇಗ ಇಳಿಸಿ. ಕಚ್ಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ಗಾಯ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.

ಪಕ್ಕದ ಮನೆ ನಾಯಿ ಬೊಗಳಿದಾಗ ಸದ್ದು ಮಾಡಿ ಬಾಯಿ ಮುಚ್ಚಿಸುವ ಪೆಟ್ಟಿಗೆಯೂ ಸಿಗುತ್ತದೆ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಬೀದಿ ಬೆಕ್ಕಿಗೆ ಸದ್ದು ಬೇಡವೆನಿಸಿದರೆ ಹೊರಟುಹೋಗುತ್ತದೆ. ಚೈನು ಹಾಕಿ ಕಟ್ಟಿದ ನಾಯಿ ಎಲ್ಲಿಗೆ ಹೋಗಬೇಕು? ಅದು ಬೊಗಳುವುದು ಒಂಟಿತನಕ್ಕೋ, ಹಸಿವಿಗೋ, ಗೇಟಿನಲ್ಲಿ ಓಡಾಡುವವರನ್ನು ಕಂಡೋ. ಅದರ ಮೇಲೆ ಇನ್ನೊಂದು ಹಿಂಸೆ ಹೇರುವುದು ಸರಿಯಲ್ಲ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಎನ್ನುವುದೂ ನೆನಪಿರಲಿ. ಯಜಮಾನರ ಹತ್ತಿರ ಹೋಗಿ ಮಾತಾಡಿ.

ಬೀದಿ ನಾಯಿಗೆ ನಿಜವಾದ ದಾರಿ ಪಾಲಿಕೆಯದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ರೇಬಿಸ್ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಹೊರಗಿಟ್ಟಿತು. ಊಟ ಹಾಕಲು ವಾರ್ಡಿಗೊಂದು ಜಾಗ ಗುರುತಿಸಬೇಕು ಎಂದೂ ಹೇಳಿತು. ಕಿವಿಯ ತುದಿ ಕತ್ತರಿಸಿದ ಗುರುತು ಇದ್ದರೆ ಶಸ್ತ್ರಚಿಕಿತ್ಸೆ ಆಗಿದೆ ಎಂದರ್ಥ. ನಿಮ್ಮ ಬೀದಿಯಲ್ಲಿ ಅಂಥ ಗುರುತಿಲ್ಲದ ನಾಯಿಗಳು ಎಷ್ಟಿವೆ ಎಂದು ಎಣಿಸಿ, ಫೋಟೋ ಸಮೇತ ದೂರು ಕೊಡಿ. ಮೂಲೆಯಲ್ಲಿ ಕೋಳಿ ಅಂಗಡಿಯ ಕಸ ಬೀಳುತ್ತಿದ್ದರೆ ಅದರ ಬಗ್ಗೆಯೂ.

ಉಳಿದವು

ಕೋತಿಗೆ ಈ ಸದ್ದು ಕೇಳಿಸುತ್ತದೆ, ಆದರೆ ಗುಂಪಿನಲ್ಲಿ ಒಂದು ಕೋತಿಗೆ ಧೈರ್ಯ ಬಂದರೆ ಉಳಿದವು ಹಿಂದೆಯೇ ಬರುತ್ತವೆ. ಕಿಟಕಿಗೆ ಗಟ್ಟಿ ಜಾಲರಿ, ಮುಚ್ಚಳ ಬಿಗಿಯಾದ ಕಸದ ಡಬ್ಬಿ, ಯಾರೂ ಬಾಳೆಹಣ್ಣು ಕೊಡದಿರುವುದು, ಇಷ್ಟೇ ದಾರಿ. ಪಾರಿವಾಳಕ್ಕೆ 10 ಕಿಲೋಹರ್ಟ್ಝ್ ಕೂಡ ಕೇಳಿಸುವುದಿಲ್ಲ, ಬಾಲ್ಕನಿಗೆ ಬಲೆ ಕಟ್ಟಿಸಿ. ಸೊಳ್ಳೆ ಓಡಿಸುವ ಸದ್ದಿನ ಸಾಧನಗಳ ಬಗ್ಗೆ 10 ಕ್ಷೇತ್ರ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ಪರಿಶೀಲನೆಯನ್ನು, ಆರೋಗ್ಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2007ರಲ್ಲಿ ಪ್ರಕಟಿಸಿತು. ಸೊಳ್ಳೆ ಕಚ್ಚುವುದನ್ನು ಅವು ತಡೆಯುತ್ತವೆ ಎಂಬುದಕ್ಕೆ ಆಧಾರವೇ ಸಿಗಲಿಲ್ಲ. ಡೆಂಗಿ ಇರುವ ಊರಿನಲ್ಲಿ ಇಂಥ ಯಂತ್ರ ನಂಬಿ ಪರದೆ ಬಿಡುವುದು ಅಪಾಯ. ಹಾವಿಗೆ ಹೊರಗಿವಿ ಇಲ್ಲ, ಅದಕ್ಕೆ ಗೊತ್ತಾಗುವುದು ತೀರಾ ತಗ್ಗಿನ ಸದ್ದು ಮತ್ತು ನೆಲದ ಅದುರು. ಹಾವು ಬರುವುದು ಇಲಿ ಹುಡುಕಿಕೊಂಡು, ಇಲಿಯ ಬಿಲ ಮುಚ್ಚಿಸಿದರೆ ಹಾವಿಗೂ ಕೆಲಸ ಇಲ್ಲ.

ಪಕ್ಕದ ಮನೆಯವರ ಕಿವಿ

ಈ ಮಾತು ಯಾವ ಡಬ್ಬಿಯ ಮೇಲೂ ಸರಿಯಾಗಿ ಬರೆದಿರುವುದಿಲ್ಲ. ಹೊರಗಿಡುವ ಹಲವು ಸಾಧನಗಳಲ್ಲಿ ಸದ್ದಿನ ಕಂಪನವನ್ನು (ಕಿಲೋಹರ್ಟ್ಝ್) ಬದಲಿಸುವ ತಿರುಪು ಇರುತ್ತದೆ. ತಗ್ಗಿನ ಮಟ್ಟದಲ್ಲಿ ಅವು 13ರಿಂದ 19 ಕಿಲೋಹರ್ಟ್ಝ್‌ನಲ್ಲಿ ಕೂಗುತ್ತವೆ. ಅದು ಹೆಸರಿಗಷ್ಟೇ ಅಲ್ಟ್ರಾಸಾನಿಕ್. ಐವತ್ತು ದಾಟಿದವರಿಗೆ ಕೇಳಿಸದಿರಬಹುದು, ಹತ್ತು ವರ್ಷದ ಮಗುವಿಗೆ ಚುಚ್ಚುವಷ್ಟು ಕೇಳಿಸುತ್ತದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಹದಿಹರೆಯದವರನ್ನು ಅಂಗಡಿ ಮುಂದಿನಿಂದ ಚದುರಿಸಲೆಂದೇ 17 ಕಿಲೋಹರ್ಟ್ಝ್ ಆಸುಪಾಸಿನ ಯಂತ್ರ ಮಾರುಕಟ್ಟೆಗೆ ಬಂತು. ಅದೇ ಸದ್ದನ್ನು ನಾವು ಬೆಕ್ಕಿಗೆಂದು ಪಕ್ಕದ ಮನೆಯ ಮಲಗುವ ಕೋಣೆಯ ಕಡೆ ತಿರುಗಿಸುತ್ತಿದ್ದೇವೆ.

ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಎದುರು ಮನೆಯವರಿಗೆ ಹೇಳಿದಳು: "ಅಂಕಲ್, ನಿಮ್ಮ ಗೇಟ್ ಹತ್ರ ಕೀ ಅಂತ ಸದ್ದು ಬರುತ್ತೆ, ಕಿವಿ ನೋಯುತ್ತೆ." ಅವರಿಗೂ ಕೇಳಿಸುತ್ತಿರಲಿಲ್ಲ, ಹುಡುಗಿಯ ಅಪ್ಪ ಅಮ್ಮನಿಗೂ ಕೇಳಿಸುತ್ತಿರಲಿಲ್ಲ. ಸಾಧನ ಬಂದ್ ಮಾಡಿದ ಮೇಲೆ ಅವಳು ಕಿವಿ ಮುಚ್ಚಿಕೊಂಡು ಓಡುವುದು ನಿಂತಿತು. ಮಕ್ಕಳು ಇಂಥದ್ದು ಹೇಳಿದರೆ ನಂಬಿ.

ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಧ್ವನಿ ವಿಜ್ಞಾನಿ ಟಿಮೋತಿ ಲೈಟನ್ 2016ರಲ್ಲಿ ಇದೇ ವಿಷಯದ ಮೇಲೆ ಬರೆದರು. ಸಾರ್ವಜನಿಕ ಜಾಗಗಳಲ್ಲಿ ಇಂಥ ಸದ್ದಿಗೆ ಸಿಕ್ಕಿ ತಲೆನೋವು, ವಾಕರಿಕೆ ಎಂದು ದೂರುವ ಜನರಿದ್ದಾರೆ, ಆದರೆ ಸುರಕ್ಷಿತ ಮಟ್ಟದ ಮಾರ್ಗಸೂಚಿಗಳು ನಿಂತಿರುವುದು ಬಹುಪಾಲು ವಯಸ್ಕ ಗಂಡಸರ ಮೇಲಿನ ಸಣ್ಣ ಪ್ರಮಾಣದ ಮಾಹಿತಿಯ ಮೇಲೆ ಎಂದು ತೋರಿಸಿದರು. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಆ ಅಳತೆ ಮನುಷ್ಯರ ಸಾಮಾನ್ಯ ಕಿವಿಗೆ ಹೊಂದಿಸಿದ್ದು. 20 ಕಿಲೋಹರ್ಟ್ಝ್ ದಾಟಿದ ಸದ್ದು ಅದರಲ್ಲಿ ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅಕ್ಕಪಕ್ಕದವರ ಒಪ್ಪಿಗೆಯೇ ಇಲ್ಲಿ ನಿಯಮ.

ಮನೆಯಲ್ಲಿ ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಸಾಕಿದ್ದರೆ ಸಾಕೆಟ್ ಯಂತ್ರ ತರಲೇಬೇಡಿ. ಅವುಗಳ ಕಿವಿಯೂ ಈ ಸದ್ದು ಹಿಡಿಯುತ್ತದೆ, ಗೂಡಿನಿಂದ ಅವು ಎಲ್ಲಿಗೂ ಹೋಗಲಾರವು. ಸಂಜೆ ಬೀದಿ ದೀಪದ ಸುತ್ತ ಹುಳ ಹಿಡಿಯುವ ಸಣ್ಣ ಬಾವಲಿಗಳೂ ದಾರಿ ಕಂಡುಕೊಳ್ಳುವುದು ಇದೇ ಥರದ ಸದ್ದಿನಿಂದ.

ಆದರೂ ಕೊಳ್ಳುವುದಾದರೆ

ಬೆಕ್ಕಿಗಾಗಿ ಕೊಳ್ಳುವುದಾದರೆ ಸೆನ್ಸರ್ ಇರಲೇಬೇಕು, ಸದ್ದಿನ ಕಂಪನ ಬದಲಿಸುವ ತಿರುಪು ಇರಬೇಕು, ಡಬ್ಬಿಯ ಮೇಲೆ ಎಷ್ಟು ಕಿಲೋಹರ್ಟ್ಝ್ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲದಿದ್ದರೆ ಬಿಡಿ. ತಿರುಪನ್ನು 20 ಕಿಲೋಹರ್ಟ್ಝ್‌ಗಿಂತ ಮೇಲೆ ಇಡಿ. ನೆಲದಿಂದ ಒಂದು ಅಡಿಯೊಳಗೆ, ಬೆಕ್ಕಿನ ಎತ್ತರಕ್ಕೆ, ನಿಮ್ಮದೇ ಗೋಡೆಯ ಕಡೆ ಮುಖ ಮಾಡಿಸಿ. ಬೀದಿಯ ಕಡೆಗಲ್ಲ, ಪಕ್ಕದ ಮನೆ ಕಿಟಕಿಯ ಕಡೆಗಂತೂ ಅಲ್ಲ. ಮಿಂಚುವ ದೀಪ ಇದ್ದರೆ ರಾತ್ರಿ ಆರಿಸಿ.

ಫೋನಿನಲ್ಲಿ ಸದ್ದು ಎಷ್ಟು ಕಿಲೋಹರ್ಟ್ಝ್ ಎಂದು ಗೆರೆಯಲ್ಲಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಂಡು ನೋಡಬಹುದು. ಸಾಮಾನ್ಯವಾಗಿ ಫೋನಿನ ಮೈಕು 20 ಕಿಲೋಹರ್ಟ್ಝ್‌ನ ಆಸುಪಾಸಿನವರೆಗೆ ಮಾತ್ರ ಹಿಡಿಯುತ್ತದೆ. ಅಲ್ಲೇ ಗೆರೆ ಎದ್ದು ಕಂಡರೆ ಮಕ್ಕಳಿಗೂ ಕೇಳಿಸುವ ಸದ್ದು ಎಂದು ತಿಳಿಯಿರಿ.

ಕೆಲಸ ಮಾಡುತ್ತಿದೆಯಾ ಎಂದು ನೋಡಲು ಅಂದಾಜು ಸಾಲದು. ಸಾಧನ ಹಚ್ಚುವುದಕ್ಕೆ ಮುಂಚಿನ ಒಂದು ವಾರ, ರಾತ್ರಿ ಮಲಗುವಾಗ ಪ್ರಾಣಿ ಓಡಾಡುವ ಕಡೆ ತೆಳುವಾಗಿ ಅಕ್ಕಿ ಹಿಟ್ಟೋ ಟಾಲ್ಕಂ ಪೌಡರೋ ಉದುರಿಸಿ, ಬೆಳಿಗ್ಗೆ ಹೆಜ್ಜೆ ಗುರುತು ಎಣಿಸಿ ಬರೆದಿಡಿ. ಇಲಿಯಾದರೆ ಅಕ್ಕಿ ಹಿಟ್ಟು ಬೇಡ, ಅದನ್ನೇ ತಿಂದು ಹೋಗುತ್ತದೆ. ಆಮೇಲೆ ಸಾಧನ ಹಚ್ಚಿ ಮೂರು ವಾರ ಹಾಗೇ ಬರೆಯಿರಿ. ಮೊದಲ ವಾರದ ಇಳಿಕೆ ನೋಡಿ ಖುಷಿಪಡಬೇಡಿ, ಮೂರನೇ ವಾರದ ಲೆಕ್ಕ ನೋಡಿ. ಬಹಳಷ್ಟು ಅಂಗಡಿಗಳು ವಾಪಸ್ ತೆಗೆದುಕೊಳ್ಳುವ ಗಡುವು ಅಷ್ಟರೊಳಗೆ ಮುಗಿದಿರುತ್ತದೆ, ಹಾಗಾಗಿ ಗಡುವು ಎಷ್ಟು ದಿನ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.